ಮಾಹಿಷ್ಮತಿಯಲ್ಲಿ ಮಟಮಟ ಮಧ್ಯಾಹ್ನ

ಬೇಸಿಗೆ ರಜೆಯಲ್ಲಿ ಹೈದರಾಬಾದಿಗೆ ಹೋಗಿ ರಾಮೋಜಿ ಫಿಲ್ಮ್ ಸಿಟಿ ನೋಡಿ ಬರಬೇಕೆಂಬ ಆಸೆ ನಿಮಗೂ ಇದೆಯೇ? ಖಂಡಿತ ಹೋಗಿ. ಚಿತ್ರರಸಿಕ ಅನ್ನಿಸಿಕೊಂಡವನು ಜೀವಮಾನದಲ್ಲಿ ಒಮ್ಮೆಯಾದರೂ ನೋಡಬೇಕಾದ ಜಾಗ ಅದು. ಆದರೆ ರೈಲಿನ ಟಿಕೆಟ್ ತೆಗೆಸುವ ಮುಂಚೆ ನಮ್ಮ ಟೈಲರ್ ಕಥೆ ಒಂದಿಷ್ಟು ಕೇಳಿ. ಇಂಟರ್‌ವಲ್ ತನಕ ಕಾಮಿಡಿ. ಆಮೇಲಿನದು ಮಾತ್ರ ನನ್ನ ಕೈಕಾಲು ನಡುಗಿಸಿದ ಕಥೆ.

ನಾವು ಮೂವರು, ತುಮಕೂರಿನಲ್ಲಿ ಒಂದೇ ಬೀದಿಯವರು. ಒಬ್ಬ ಟೈಲರ್. ಒಬ್ಬ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಮೂರನೆಯವನು ಪಿ.ಯು.ಸಿ.ಗೆ ಅರ್ಧದಲ್ಲೇ ಕೈಮುಗಿದು ಪೆನ್ನು ಹಿಡಿದ ನಾನು. 2015ರಲ್ಲಿ 'ಬಾಹುಬಲಿ' ಬಂದ ದಿನದಿಂದ ನಮ್ಮ ಟೈಲರ್‌ಗೆ ಒಂದೇ ಹುಚ್ಚು. ಮಾಹಿಷ್ಮತಿಯ ಸೆಟ್ಟಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು ಒಂದು ಫೋಟೋ ತೆಗೆಸಿಕೊಳ್ಳಬೇಕು! ಈ ಸಲ ಮದುವೆ ಸೀಸನ್ನಿನಲ್ಲಿ ರಾತ್ರಿಯೆಲ್ಲ ಮಿಷನ್ ತುಳಿದು ಮೂವರಿಗೂ ಆಗುವಷ್ಟು ದುಡ್ಡು ಕೂಡಿಹಾಕಿದ. "ನೀವ್ ಸುಮ್ನೆ ಬನ್ರೋ, ಖರ್ಚೆಲ್ಲ ನಂದು" ಅಂದ. ಅಷ್ಟು ಸಾಲದೆಂದು ಆ ಒಂದು ಫೋಟೋಗಾಗಿಯೇ ಅಂಗಿ ಹೊಲಿದುಕೊಂಡ. ಕಪ್ಪು ಬಣ್ಣ, ತುಂಬುತೋಳು, ಒಳಗೆ ಲೈನಿಂಗ್ ಬೇರೆ. ಮೇ ತಿಂಗಳಿನಲ್ಲಿ!

ಹೊರಡುವ ದಿನ ಅವನ ತಾಯಿ ಬಾಗಿಲ ತನಕ ಬಂದರು. ನನ್ನ ಕೈಗೆ ಒಂದು ಬಿಳಿ ಟವೆಲು, ಉಪ್ಪು ಸಕ್ಕರೆ ಬೆರೆಸಿದ ಒಂದು ಪೊಟ್ಟಣ ಕೊಟ್ಟರು. "ಇವ್ನಿಗೆ ಬಿಸ್ಲು ಆಗ್ಬರಲ್ಲ ಕಣಪ್ಪಾ. ಚಿಕ್ಕೋನಿದ್ದಾಗ ಜಾತ್ರೇಲಿ ತಲೆ ತಿರುಗಿ ಬಿದ್ದಿದ್ದ. ನೀನು ನಾಕಕ್ಷರ ತಿಳ್ದೋನು, ಸ್ವಲ್ಪ ನೋಡ್ಕೋ" ಅಂದರು. ನಾನು 'ಆಯ್ತಮ್ಮಾ' ಅಂದೆ. ಪೊಟ್ಟಣವನ್ನೂ ಟವೆಲನ್ನೂ ಬ್ಯಾಗಿನ ತಳಕ್ಕೆ ತುರುಕಿದೆ. ಅಲ್ಲಿಗೆ ನನ್ನ ಜವಾಬ್ದಾರಿ ಮುಗಿದಿತ್ತು!

ಕಾಚೀಗೂಡದಿಂದ ಕೆಂಪು ಬಸ್ಸಿಗೆ

ಸಂಜೆ ಬೆಂಗಳೂರಿನಲ್ಲಿ ಕಾಚೀಗೂಡ ಎಕ್ಸ್‌ಪ್ರೆಸ್ ಹತ್ತಿದೆವು. ರಾತ್ರಿಯೆಲ್ಲ ಹರಟೆ, ಇಸ್ಪೀಟು. ಒಬ್ಬರ ಕಣ್ಣಿಗೂ ನಿದ್ದೆ ಹತ್ತಲಿಲ್ಲ. ಬೆಳಗಿನ ಜಾವ ಇಳಿದಾಗಲೇ ಗಾಳಿ ಬೆಚ್ಚಗಿತ್ತು. ಆಟೋದಲ್ಲಿ ಮಲಕ್‌ಪೇಟೆಗೆ ಹೋಗಿ, ಮೆಟ್ರೋ ಹಿಡಿದು ಕೊನೆಯ ನಿಲ್ದಾಣ ಎಲ್.ಬಿ. ನಗರ್‌ನಲ್ಲಿ ಇಳಿದೆವು. ಅಲ್ಲಿಂದ ವಿಜಯವಾಡ ಹೆದ್ದಾರಿಯಲ್ಲಿ ಹಯಾತ್‌ನಗರ ದಾಟಿ ಹೋಗುವ ಬಸ್ಸು ಹಿಡಿಯಬೇಕು. ದಾರಿ ಬದಿಯಲ್ಲಿ ತಾಟಿನುಂಗು ರಾಶಿ ಹಾಕಿಕೊಂಡು ಕೂತಿದ್ದರು. ಅಲ್ಲಿಯವರು ಅದನ್ನು 'ತಾಟಿ ಮುಂಜಲು' ಅನ್ನುತ್ತಾರೆ. ಮೆಕ್ಯಾನಿಕ್ ನಿಂತು ನಾಲ್ಕು ತಿಂದ. ಜೊತೆಗೆ ಇಡ್ಲಿಯನ್ನೂ ಮುಗಿಸಿದ. ಟೈಲರ್ ಮಾತ್ರ "ಹೊಟ್ಟೆ ಮುಂದೆ ಬಂದ್ರೆ ಫೋಟೋ ಕೆಡುತ್ತೆ" ಎಂದು ಬರೀ ಚಹಾ ಕುಡಿದ. ನಾವು ನಕ್ಕೆವು.

ಬಸ್ಸಿನಲ್ಲಿ ಪಕ್ಕ ಕೂತಿದ್ದ ರೈತನೊಬ್ಬ ನಮ್ಮ ವೇಷ ನೋಡಿ ಒಂದು ಗಾದೆ ಹೇಳಿದ. ರೋಹಿಣಿ ಕಾರ್ತೆಯ ಬಿಸಿಲಿಗೆ ಒರಳುಕಲ್ಲೂ ಬಿರಿಯುತ್ತದಂತೆ. ಆ ಕಾರ್ತೆ ಶುರುವಾಗುವುದು ಮೇ 25ರ ಸುಮಾರಿಗೆ. ನಾವು ಹೋಗಿದ್ದೂ ಅದೇ ವಾರ. ಮೇ ತಿಂಗಳಲ್ಲಿ ಹೈದರಾಬಾದಿನ ಸರಾಸರಿ ಗರಿಷ್ಠ ಉಷ್ಣಾಂಶವೇ 39 ಡಿಗ್ರಿ ಆಸುಪಾಸು. ಕೆಲವು ದಿನ 42ನ್ನೂ ದಾಟುತ್ತದೆ. ಅದೂ ನೆರಳಿನಲ್ಲಿ ಅಳೆದ ಲೆಕ್ಕ ಸ್ವಾಮಿ! ಬಯಲಿನಲ್ಲಿ ಕಾದ ಕಲ್ಲಿನ ಮೇಲೆ, ಕಾಂಕ್ರೀಟಿನ ಮೇಲೆ ನಿಂತವನ ಪಾಡು ಬೇರೆ.

ಒಳಗೆ ಇಲ್ಲದ ಮನೆಗಳು

ಫಿಲ್ಮ್ ಸಿಟಿ ಶುರುವಾದದ್ದು 1996ರಲ್ಲಿ. ಕಟ್ಟಿಸಿದವರು ನಿರ್ಮಾಪಕ, ಪತ್ರಿಕೋದ್ಯಮಿ ರಾಮೋಜಿ ರಾವ್. 2024ರ ಜೂನ್‌ನಲ್ಲಿ ಅವರು ತೀರಿಕೊಂಡರು. 1,600 ಎಕರೆಗೂ ಮಿಕ್ಕ ಜಾಗ. ಜಗತ್ತಿನ ಅತಿದೊಡ್ಡ ಚಿತ್ರನಿರ್ಮಾಣ ಕೇಂದ್ರವೆಂದು ಗಿನ್ನೆಸ್ ದಾಖಲೆ. ನಮಗೂ ಆ ಜಾಗಕ್ಕೂ ನಂಟಿದೆ. 2000ದಲ್ಲಿ ಶುರುವಾದ ಈಟಿವಿ ಕನ್ನಡ ವಾಹಿನಿಗಾಗಿ ನಮ್ಮ ಎಷ್ಟೋ ಹುಡುಗರು ಅಲ್ಲಿಗೇ ಹೋಗಿ ದುಡಿದರು. ಆ ವಾಹಿನಿ 2015ರಲ್ಲಿ ಕಲರ್ಸ್ ಕನ್ನಡ ಆಯಿತು. ಅಂಬರೀಷ್ ಭೀಷ್ಮನಾಗಿ ನಟಿಸಿದ 'ಕುರುಕ್ಷೇತ್ರ' ನೆನಪಿದೆಯಲ್ಲ? ಅವರು ಹೋದ ಮೇಲೆ, 2019ರಲ್ಲಿ ತೆರೆಗೆ ಬಂದ ಚಿತ್ರ. ಅದರ ದೊಡ್ಡ ದೊಡ್ಡ ಸೆಟ್ಟುಗಳು ಎದ್ದದ್ದೂ ಇಲ್ಲಿಯೇ.

ಹೆದ್ದಾರಿ ಬದಿಯ ಗೇಟಿನಲ್ಲಿ ಟಿಕೆಟ್. ತಲೆಗೆ ಸಾವಿರ ರೂಪಾಯಿಗೂ ಮೇಲೆ. ಅಲ್ಲಿಂದ ಅವರದೇ ಬಸ್ಸು ಗುಡ್ಡ ಬಂಡೆಗಳ ನಡುವೆ ಒಳಗೆ ಒಯ್ದು ಬಿಡುತ್ತದೆ. ಆಮೇಲೆ ಸೆಟ್ಟುಗಳನ್ನು ತೋರಿಸಲು ಕಿಟಕಿಯಿಲ್ಲದ ಕೆಂಪು ಬಸ್ಸು, ಜೊತೆಗೊಬ್ಬ ಗೈಡ್.

ಆಹಾ, ಏನು ಮಾಯೆ ಅಂತೀರಿ! ಒಂದು ಕಡೆ ವಿಮಾನ ನಿಲ್ದಾಣ. ಇನ್ನೊಂದು ಕಡೆ ರೈಲ್ವೇ ಸ್ಟೇಷನ್ನು. ಬೇಕಾದ ಊರಿನ ಬೋರ್ಡು ತಗುಲಿಸಿದರೆ ಅದೇ ಆ ಊರು. ಎದುರಿನಿಂದ ಆಸ್ಪತ್ರೆ ಕಂಡ ಕಟ್ಟಡ ಬಸ್ಸು ತಿರುಗಿದ ಕೂಡಲೇ ಬೇರೆ ಏನೋ ಆಗಿಬಿಡುತ್ತದೆ. ಲಂಡನ್ ಬೀದಿಯಿಂದ ನಾಲ್ಕು ಮಾರು ದೂರದಲ್ಲಿ ಉತ್ತರ ಭಾರತದ ಪೇಟೆ. ಹತ್ತಾರು ಚಿತ್ರಗಳಲ್ಲಿ ನೋಡಿದ ಬೀದಿಗಳು ಕಣ್ಣೆದುರು ಸಾಲುಸಾಲಾಗಿ ನಿಂತಿವೆ.

ಆದರೆ ಒಂದು ಸಂಗತಿ ಗಮನಿಸಿ. ಇವುಗಳಲ್ಲಿ ಎಷ್ಟೋ ಮನೆಗಳಿಗೆ ಮುಖವಿದೆ, ಒಳಗಿಲ್ಲ. ಬಾಗಿಲು ಕಾಣುತ್ತದೆ, ಒಳಗೆ ಹೋಗಿ ಕೂರೋಣ ಅಂದರೆ ಮನೆಯೇ ಇಲ್ಲ! ಕ್ಯಾಮೆರಾಗೆ ಬೇಕಾದದ್ದು ಗೋಡೆ. ಬಿಸಿಲಿನಲ್ಲಿ ಬಂದ ಮನುಷ್ಯನಿಗೆ ಬೇಕಾದದ್ದು ನೆರಳು. ಮಧ್ಯಾಹ್ನ ಸೂರ್ಯ ನೆತ್ತಿಗೆ ಬಂದಾಗ ಆ ಅರಮನೆಗಳ ನೆರಳು ಅವುಗಳ ಕಾಲ ಬುಡ ದಾಟುವುದಿಲ್ಲ. ಇದು ನನಗೆ ಹೊಳೆದದ್ದು ಆಮೇಲೆ.

'ಕಟ್' ಹೇಳುವವರು ಯಾರೂ ಇರಲಿಲ್ಲ

ಏಪ್ರಿಲ್ ಕೊನೆಯಿಂದ ಜೂನ್ ಎರಡನೇ ವಾರದ ತನಕ ತೆಲಂಗಾಣದ ಶಾಲೆಗಳಿಗೆ ರಜೆ. ನಮ್ಮ ಕಡೆಯ ಮಕ್ಕಳಿಗೂ ಅದೇ ಸಮಯದಲ್ಲಿ ರಜೆ. ಮಹಾರಾಷ್ಟ್ರದಿಂದ, ಆಂಧ್ರದಿಂದ ಸಂಸಾರ ಸಮೇತ ಬಂದವರು ಬೇರೆ. ಎಲ್ಲಿ ನೋಡಿದರೂ ತಲೆಗಳು. ಬಸ್ಸಿಗೆ ಕ್ಯೂ, ಶೋಗೆ ಕ್ಯೂ, ಐಸ್‌ಕ್ರೀಮಿಗೆ ಕ್ಯೂ. ಯಾರ ತಪ್ಪೂ ಅಲ್ಲ. ಎಲ್ಲರಿಗೂ ರಜೆ ಒಂದೇ ಸಲ ಬರುತ್ತದೆ.

ನನ್ನ ತಪ್ಪು ಮಾತ್ರ ಇತ್ತು. ನಾನು ಚೀಟಿಯಲ್ಲಿ ಪಟ್ಟಿ ಮಾಡಿಕೊಂಡು ಹೋಗಿದ್ದೆ. ಕೊಟ್ಟ ದುಡ್ಡಿಗೆ ಒಂದೂ ಬಿಡಬಾರದು! ಹತ್ತು ಗಂಟೆಗೆ ಇದು, ಹನ್ನೊಂದಕ್ಕೆ ಅದು. ಜಪಾನೀ ತೋಟ, ಮೊಘಲ್ ತೋಟ, ಭಾಗವತದ ಸೆಟ್ಟು, ಗುಹೆಗಳು, ಚಿಟ್ಟೆಗಳ ಪಾರ್ಕು. ಹನ್ನೆರಡಾಯಿತು, ಒಂದಾಯಿತು. ಟೈಲರ್ ನೀರು ಮುಟ್ಟಲಿಲ್ಲ. "ನೀರು ಕುಡಿದ್ರೆ ಬಾತ್‌ರೂಮು ಹುಡುಕ್ಬೇಕು, ಕ್ಯೂ ತಪ್ಪುತ್ತೆ" ಎಂದು ಒಂದು ಬಾಟಲಿ ಕೋಲಾ ಕುಡಿದ. ಅಷ್ಟೇ.

ಒಂದೂವರೆ ಇರಬೇಕು. ಮಾಹಿಷ್ಮತಿಗೆ ಹೋಗುವ ಮುಂಚೆ ಇನ್ನೊಂದೇ ಒಂದು ಅಂತ ನಾನೇ ಎಳೆದುಕೊಂಡು ಹೋಗಿ ಒಂದು ಕ್ಯೂನಲ್ಲಿ ನಿಲ್ಲಿಸಿದ್ದೆ.

"ಲೋ, ತಲೆ ಒಂಥರಾ ಆಗ್ತಿದೆ ಕಣೋ" ಅಂದ.

"ಡೈಲಾಗ್ ಹೊಡೀಬೇಡ. ಇದೊಂದು ಆಗ್ಲಿ, ಆಮೇಲೆ ನಿನ್ ಮಾಹಿಷ್ಮತಿ" ಅಂದೆ.

ಇನ್ನೂ ಐದು ನಿಮಿಷ ಕಳೆಯಿತು. ಕಂಬಿ ಹಿಡಿಯಲು ಹೋದವನು ನನ್ನ ಕೈ ಹಿಡಿದ. ಆ ಸುಡುಬಿಸಿಲಿನಲ್ಲೂ ಅವನ ಅಂಗೈ ತಣ್ಣಗೆ, ಒದ್ದೆ. ಮುಖ ಸುಣ್ಣದ ಬಣ್ಣ. ತುಟಿ ಅಲ್ಲಾಡಿತು, ಮಾತು ಬರಲಿಲ್ಲ. ಅಲ್ಲೇ ಕುಸಿದ.

ಸುತ್ತ ಜನ ಸೇರಿದರು. ಮುಂದಿನದು ನಾನು ಸಾಯುವ ತನಕ ಮರೆಯುವಂಥದ್ದಲ್ಲ. ಹಿಂದಿನಿಂದ ಯಾರೋ ನಗುತ್ತ "ಆಕ್ಟಿಂಗಾ?" ಅಂದರು. ಎರಡು ಮೊಬೈಲುಗಳು ಮೇಲೆದ್ದವು. ಅವರನ್ನು ಬೈದು ಏನು ಬಂತು? ಐದು ನಿಮಿಷದ ಹಿಂದೆ ನಾನೂ ಅದನ್ನೇ ಅಂದಿದ್ದೆನಲ್ಲ!

ಲೈಟ್‌ಮನ್ ಹೇಳಿದ ಪಾಠ

"ಗಾಳಿ ಬಿಡ್ರೀ! ಸುತ್ಲೂ ನಿಂತ್ರೆ ಹುಡುಗ ಉಸಿರಾಡೋದು ಹ್ಯಾಗೆ?"

ಅಪ್ಪಟ ಕನ್ನಡ! ನೋಡಿದರೆ ಎಪ್ಪತ್ತರ ಮುದುಕರೊಬ್ಬರು. ಬಿಳಿ ಪಂಚೆ, ತಲೆಗೆ ಒದ್ದೆ ಟವೆಲು, ಕೈಯಲ್ಲಿ ಹಳೇ ಕಪ್ಪು ಛತ್ರಿ, ಹಿಂದೆ ಇಬ್ಬರು ಮೊಮ್ಮಕ್ಕಳು. ಮೆಕ್ಯಾನಿಕ್ ಕಾಲು ಹಿಡಿದ, ನಾನು ಹೆಗಲು ಹಿಡಿದೆ. ಒಂದು ಮರದ ನೆರಳಿಗೆ ಹೊತ್ತು ತಂದೆವು. ಮುದುಕರು ಕಪ್ಪಂಗಿಯ ಗುಂಡಿ ಬಿಚ್ಚಿ ಕಿತ್ತೇ ಹಾಕಿದರು. ಬೂಟು ತೆಗೆಸಿದರು. ಕಾಲಿನ ಕೆಳಗೆ ನಮ್ಮ ಬ್ಯಾಗು ಇಟ್ಟು ಎತ್ತರ ಮಾಡಿದರು. "ಬಟ್ಟೆ ಕೊಡು, ಬಟ್ಟೆ!" ಅಂದಾಗ ನನಗೆ ಆ ಟವೆಲು ನೆನಪಾಯಿತು. ಕಾಲಡಿಯ ಬ್ಯಾಗನ್ನೇ ಬಗೆದು ಎಳೆದೆ. ಅದನ್ನು ನೀರಿನಲ್ಲಿ ಅದ್ದಿ ಕುತ್ತಿಗೆಗೆ, ಕಂಕುಳಿಗೆ ಒತ್ತಿದರು. ಮೊಮ್ಮಗ ಫಿಲ್ಮ್ ಸಿಟಿಯ ನಕ್ಷೆಯನ್ನೇ ಬೀಸಣಿಗೆ ಮಾಡಿ ಬೀಸಿದ.

ನಾನು ಬಾಟಲಿ ಹಿಡಿದು ಬಾಯಿಗೆ ನೀರು ಸುರಿಯಲು ಹೋದೆ. ಕೈ ಹಿಡಿದು ತಡೆದರು. "ಪ್ರಜ್ಞೆ ಇಲ್ದೋನ ಬಾಯಿಗೆ ನೀರು ಹಾಕ್ಬಾರ್ದು ಮರಿ, ಉಸಿರಿಗೆ ಹೋಗುತ್ತೆ."

ಕ್ಷಣದಲ್ಲೇ ಟೈಲರ್ ಕಣ್ಣು ಬಿಟ್ಟ. ಮುದುಕರು ಬಗ್ಗಿ, "ಹೆಸ್ರೇನಪ್ಪಾ? ಯಾವೂರು?" ಅಂದರು. ಹೇಳಿದ. "ಇವತ್ತು ಯಾವ ವಾರ?" ಅದನ್ನೂ ಹೇಳಿದ. ಆಮೇಲೆ ನನ್ನ ಕಡೆ ತಿರುಗಿ, "ಮಾಹಿಷ್ಮತಿ ಮುಚ್ಬಿಡ್ತಾರೇನೋ?" ಅಂದ. ಮೆಕ್ಯಾನಿಕ್ ನಕ್ಕ. ನನಗೆ ಮಾತ್ರ ಅಳು ಬಂತು.

ಉಪ್ಪು ಸಕ್ಕರೆಯ ಆ ಪೊಟ್ಟಣವನ್ನು ನೀರಿಗೆ ಬೆರೆಸಿ ಗುಟುಕು ಗುಟುಕಾಗಿ ಕುಡಿಸಿದೆವು. ಹತ್ತಿರದಲ್ಲಿ ನಿಂತ ಮುದುಕರು ನನಗೆ ಮೆಲ್ಲಗೆ ಹೇಳಿದರು: "ಬೆವರು ಬರ್ತಿತ್ತು, ಹೆಸರು ಸರಿಯಾಗಿ ಹೇಳ್ದ. ಅದಕ್ಕೆ ಧೈರ್ಯ ಬಂತು. ಮೈ ಕೆಂಡ ಆಗಿ, ಮಾತು ತೊದಲಿ, ಬುದ್ಧಿ ಅತ್ಲಾಗಿತ್ಲಾಗೆ ಆಯ್ತು ಅನ್ನು, ಆಗ ಪಾನಕ ಗೀನಕ ಅಂತ ಕೂರ್ಬಾರ್ದು. ಮೈಗೆ ನೀರು ಹಾಕ್ತಾನೇ 108ಕ್ಕೆ ಫೋನು, ಸೀದಾ ಆಸ್ಪತ್ರೆ. ಅದು ಜೀವ ತೆಗೆಯೋ ಬಿಸಿಲು."

"ಯಜಮಾನ್ರೇ, ನೀವು ಡಾಕ್ಟ್ರಾ?" ಅಂದೆ.

"ಇಲ್ಲಪ್ಪಾ, ಲೈಟ್‌ಮನ್. ಬೆಂಗಳೂರಲ್ಲಿ ಮೂವತ್ತು ವರ್ಷ ಲೈಟು ಹೊತ್ತಿದ್ದೀನಿ. ಫ್ಲೋರಿನಲ್ಲಿ ಲೈಟಿನ ಕಾವಿಗೆ ನಾನೇ ಎರಡು ಸಲ ಹೀಗೆ ಬಿದ್ದಿದ್ದೀನಿ."

ಆ ಮರದ ಕೆಳಗೆ ಕೂತು ಅವರು ಹೇಳಿದ್ದನ್ನು ಹಾಗೇ ಒಪ್ಪಿಸುತ್ತೇನೆ. ಹೊರಾಂಗಣ ಚಿತ್ರೀಕರಣವೆಂದರೆ ಬೆಳಕು ಹರಿಯುವ ಮುಂಚೆಯೇ ಯೂನಿಟ್ ವ್ಯಾನು ಹೊರಡುತ್ತದೆ. ನೆತ್ತಿಯ ಮೇಲಿನ ಬಿಸಿಲು ಬಿದ್ದರೆ ಕಣ್ಣಿನ ಕುಳಿಯಲ್ಲಿ ಕಪ್ಪು ನೆರಳು ನಿಂತು ಎಂಥ ತಾರೆಯ ಮುಖವೂ ಕೆಡುತ್ತದೆ. ಅದಕ್ಕೇ ಛಾಯಾಗ್ರಾಹಕರು ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲಿಗೆ ಕಾಯುತ್ತಾರೆ. ಮಧ್ಯಾಹ್ನ ತೆಗೆಯಲೇಬೇಕಾದರೆ ಕಲಾವಿದರ ತಲೆಯ ಮೇಲೆ ದೊಡ್ಡ ಬಿಳಿ ಬಟ್ಟೆ ಕಟ್ಟಿ ಬಿಸಿಲನ್ನು ಸೋಸುತ್ತಾರೆ. ಒಂದು ಶಾಟ್ ಮುಗಿದರೆ ಕುರ್ಚಿ, ಛತ್ರಿ, ಮಜ್ಜಿಗೆ.

"ಹೀರೋಗೆ ಛತ್ರಿ ಹಿಡಿಯೋಕೆ ಅಂತಲೇ ಒಬ್ಬ ಇರ್ತಾನೆ ಮರಿ. ತೆರೆ ಮೇಲೆ ಆ ಛತ್ರಿ ಕಾಣಲ್ಲ. ನೀವು ಹುಡುಗ್ರು ಹೀರೋನ ಮಾತ್ರ ನೋಡ್ಕೊಂಡು ಬಂದಿದ್ದೀರಿ, ಛತ್ರಿ ಬಿಟ್ಟು ಬಂದಿದ್ದೀರಿ" ಅಂದರು.

ನಿಂತ ಟಾಂಗಾ, ಫ್ಯಾನಿನ ಗಾಳಿ

ನಾನು ಚೀಟಿ ಹರಿದು ಹಾಕಿದೆ. ಒಂದು ಗಂಟೆ ಅಲ್ಲೇ ಮಲಗಿಸಿ, ಮೊಸರನ್ನ ತಿನ್ನಿಸಿ, ಉರಿಬಿಸಿಲಿನ ಹೊತ್ತನ್ನೆಲ್ಲ ಒಳಾಂಗಣದ ಶೋಗಳಲ್ಲಿ ಕಳೆದೆವು. ಮುದುಕರೂ ಮೊಮ್ಮಕ್ಕಳೂ ಜೊತೆಗೇ ಬಂದರು.

ಅಲ್ಲೊಂದು ಶೋನಲ್ಲಿ ಸಿನಿಮಾ ಹೇಗೆ ತಯಾರಾಗುತ್ತದೆಂದು ತೋರಿಸುತ್ತಾರೆ. ಪ್ರೇಕ್ಷಕರಲ್ಲಿ ಒಬ್ಬ ಹುಡುಗಿಯನ್ನು ಕರೆದು ಟಾಂಗಾ ಮೇಲೆ ಕೂರಿಸಿದರು. ಅವಳೇ 'ಶೋಲೆ'ಯ ಬಸಂತಿ! ಟಾಂಗಾ ನಿಂತಲ್ಲೇ ಕುಲುಕುತ್ತದೆ, ಗಾಳಿ ಫ್ಯಾನಿನದು. ಇನ್ನೊಂದು ಕೋಣೆಯಲ್ಲಿ ಪ್ರೇಕ್ಷಕರ ಕೈಯಿಂದಲೇ ಕುದುರೆ ಗೊರಸಿನ ಸದ್ದು ಮಾಡಿಸಿದರು. ಕೊನೆಯಲ್ಲಿ ಎಲ್ಲವನ್ನೂ ಸೇರಿಸಿ ತೋರಿಸಿದರೆ ಟಾಂಗಾ ಬಿರುಗಾಳಿಯಂತೆ ಓಡುತ್ತಿದೆ! ಜನ ಶಿಳ್ಳೆ ಹೊಡೆದರು.

ಆ 'ಶೋಲೆ'ಯ ರಾಮ್‌ಗಢ ಇದ್ದದ್ದು ಎಲ್ಲಿ ಹೇಳಿ? ನಮ್ಮ ರಾಮನಗರದ ಬಂಡೆಗಳ ನಡುವೆ. 1973ರ ಅಕ್ಟೋಬರ್‌ನಲ್ಲಿ ಚಿತ್ರೀಕರಣ ಶುರುವಾಯಿತು, 1975ರ ಆಗಸ್ಟ್ 15ರಂದು ತೆರೆಗೆ ಬಂತು. ಅಲ್ಲಿ ಬಂಡೆ ನಿಜ, ಬಿಸಿಲು ನಿಜ, ಬೆವರೂ ನಿಜ. ಇಲ್ಲಿ ಫ್ಯಾನಿನ ಗಾಳಿಗೆ ಕೂದಲು ಹಾರುತ್ತದೆ. ಎರಡೂ ಸಿನಿಮಾವೇ. ಆದರೆ ನೋಡಲು ಹೋದ ನಮ್ಮ ಮೈ ಮಾತ್ರ ಯಾವಾಗಲೂ ರಾಮನಗರದ ಬಂಡೆಯ ಮೇಲೇ ಇರುತ್ತದೆ. ಅದಕ್ಕೆ ರೀಟೇಕ್ ಇಲ್ಲ.

ನೀವು ಹೋಗುವುದಾದರೆ

ಮೊದಲನೆಯದು, ಆದರೆ ಡಿಸೆಂಬರ್, ಜನವರಿಗೆ ಹೋಗಿ. ಬೇಸಿಗೆಯಲ್ಲೇ ಹೋಗಬೇಕಾದರೆ ಶನಿವಾರ, ಭಾನುವಾರ ಬಿಡಿ. ರಾತ್ರಿ ರೈಲಿನಲ್ಲಿ ನಿದ್ದೆ ಮಾಡಿ. ಬೆಳಿಗ್ಗೆ ಹೊಟ್ಟೆ ತುಂಬ ತಿನ್ನಿ. ಗೇಟು ತೆರೆಯುವ ಹೊತ್ತಿಗೆ ಅಲ್ಲಿರಿ. ಬಯಲಿನ ಸೆಟ್ಟುಗಳನ್ನು ಹನ್ನೊಂದರೊಳಗೆ ಮುಗಿಸಿ. ಹನ್ನೆರಡರಿಂದ ನಾಲ್ಕರವರೆಗೆ ಒಳಾಂಗಣದ ಶೋ, ಊಟ, ವಿಶ್ರಾಂತಿ. ತೋಟಗಳು, ಮಾಹಿಷ್ಮತಿ ಸಂಜೆಗೆ.

ತಿಳಿಬಣ್ಣದ ಸಡಿಲ ಹತ್ತಿ ಬಟ್ಟೆ, ಟೋಪಿ, ಛತ್ರಿ ಇರಲಿ. ಛತ್ರಿ ಹಿಡಿದರೆ ಗಂಡಸುತನಕ್ಕೇನೂ ಕುಂದಿಲ್ಲ. ಬಾಯಾರುವ ತನಕ ಕಾಯಬೇಡಿ, ಆಗಾಗ ನೀರು ಕುಡಿಯಿರಿ. ಕೋಲಾ ನೀರಲ್ಲ. ಮಜ್ಜಿಗೆ, ಎಳನೀರು ಒಳ್ಳೆಯದು. ಒಂದು ಲೀಟರ್ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಇದನ್ನು ನೆನಪಿಡಿ. ಬಿಡದಿಯ ವಂಡರ್‌ಲಾಕ್ಕೆ ಹೋಗುವವರಿಗೂ ಇದೇ ಮಾತು. ನೀರಿನಲ್ಲಿ ಆಡುವಾಗ ಬೆವರಿದ್ದು ಗೊತ್ತೇ ಆಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು: ಗುಂಪಿನಲ್ಲಿ ಒಬ್ಬ 'ತಲೆ ಸುತ್ತುತ್ತಿದೆ' ಅಂದರೆ ಆ ಮಾತನ್ನು ಡೈಲಾಗ್ ಅಂದುಕೊಳ್ಳಬೇಡಿ. ಆ ಕ್ಷಣಕ್ಕೇ ಪ್ಯಾಕಪ್!

ಸಂಜೆಯ ಮಾಹಿಷ್ಮತಿ

ನಾಲ್ಕೂವರೆಗೆ ಬಿಸಿಲು ಓರೆಯಾಯಿತು. ಜನವೂ ತೆಳುವಾಗಿದ್ದರು. ಕಲಾನಿರ್ದೇಶಕ ಸಾಬು ಸಿರಿಲ್ ಕಟ್ಟಿಸಿದ ಆ ರಾಜಧಾನಿಯ ಮುಂದೆ ನಿಂತೆವು. ಬೆರಳಲ್ಲಿ ಬಡಿದರೆ ಟೊಳ್ಳು ಸದ್ದು. ಆದರೆ ಹೊನ್ನಿನ ಬಿಸಿಲು ಬಿದ್ದಾಗ ದೇವರಾಣೆಗೂ ಅದು ಕಲ್ಲೇ! ಲೈಟ್‌ಮನ್ ಯಜಮಾನರು ಕಣ್ಣು ಕಿರಿದು ಮಾಡಿ ಆಕಾಶ ನೋಡಿ, "ಈಗ ನೋಡು ಮರಿ, ಲೈಟಿಂಗು" ಅಂದರು.

ಟೈಲರ್ ಕಪ್ಪಂಗಿ ಹಾಕಲಿಲ್ಲ. ಬನಿಯನ್ನಿನ ಮೇಲೆ ಮೆಕ್ಯಾನಿಕ್‌ನ ಹತ್ತಿ ಶರ್ಟು, ತಲೆಗೆ ತಾಯಿಯ ಒದ್ದೆ ಟವೆಲು, ಕೈಯಲ್ಲಿ ಯಜಮಾನರ ಛತ್ರಿ. ಹತ್ತು ವರ್ಷಕ್ಕೂ ಮೇಲೆ ಕಾದ ಫೋಟೋ ಆ ವೇಷದಲ್ಲೇ ಬಂತು. ಪಟ್ಟಿಯಲ್ಲಿದ್ದ ಅರ್ಧಕ್ಕರ್ಧ ಜಾಗ ನಾವು ನೋಡಲಿಲ್ಲ. ಟೈಲರ್ ಅದರ ಬಗ್ಗೆ ಇವತ್ತಿನವರೆಗೂ ಒಂದು ಮಾತೂ ಎತ್ತಿಲ್ಲ.

ಊರಿಗೆ ಬಂದ ಮೇಲೆ ಅವನ ತಾಯಿಗೆ ಫೋಟೋ ತೋರಿಸಿದೆವು. ದಾರಿಯಲ್ಲೇ ಅವನು "ಅಮ್ಮಂಗೆ ಹೇಳ್ಬೇಡ್ರೋ" ಅಂದಿದ್ದ. ಆಕೆ ಕೋಟೆ ನೋಡಲಿಲ್ಲ, ಅರಮನೆ ನೋಡಲಿಲ್ಲ. ಫೋಟೋದ ಮೇಲೆ ಬೆರಳಿಟ್ಟು, "ಸದ್ಯ, ತಲೆ ಮ್ಯಾಲೆ ಟವಲ್ ಐತೆ, ಛತ್ರೀನೂ ಐತೆ. ನೀನು ಜೊತೇಲಿದ್ದದ್ದು ಒಳ್ಳೇದಾಯ್ತು ಕಣಪ್ಪಾ" ಅಂದರು.

ನನಗೆ ತಲೆ ಎತ್ತಲಾಗಲಿಲ್ಲ. ಆವತ್ತು ಆಕೆಯ ಮುಂದೆ ಬಾಯಿಗೆ ಬಾರದ್ದನ್ನು ಇವತ್ತು ಇಲ್ಲಿ ಬರೆದಿದ್ದೇನೆ. ಈ ಪತ್ರಿಕೆ ತುಮಕೂರು ಬಸ್‌ಸ್ಟ್ಯಾಂಡಿನಲ್ಲೂ ಸಿಗುತ್ತದೆ. ಯಾರಾದರೂ ಓದಿ ಹೇಳಿದರೆ ಆ ತಾಯಿ ಬೈಯಲಿ. ಬೈಸಿಕೊಳ್ಳಲು ನಾನು ತಯಾರಿದ್ದೇನೆ.